ಜಾಮೀನಿಗೆ ಜಮೀನು ಯಾಕೆ ಬೇಕಾಯಿತು?

ಟಿವಿಯಲ್ಲಿ ಪಟ್ಟಿ ಓಡುತ್ತದೆ, ಇಂಥವರಿಗೆ ಜಾಮೀನು ಮಂಜೂರು ಅಂತ. ಮನೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ನಾಲ್ಕು ದಿನ ಬಿಟ್ಟು ಕೇಳಿದರೆ ಆ ಮನುಷ್ಯ ಇನ್ನೂ ಜೈಲಿನಲ್ಲೇ ಇರುತ್ತಾನೆ. ಜಾಮೀನು ಸಿಕ್ಕಿತು ಅಂದರಲ್ಲ, ಮತ್ಯಾಕೆ ಬಿಟ್ಟಿಲ್ಲ?

ಜೈಲಿನವರನ್ನು ಬೈಯುವ ಮೊದಲು ಆ ಪದವನ್ನೇ ಸ್ವಲ್ಪ ಬಿಡಿಸಿ ನೋಡಬೇಕು. ಜಾಮೀನು ಎನ್ನುವ ಒಂದೇ ಪದದಿಂದ ನಾವು ಎರಡು ಕೆಲಸ ತೆಗೆಯುತ್ತೇವೆ. ಆರೋಪಿಯನ್ನು ಬಿಡಬಹುದು ಅಂತ ಕೋರ್ಟು ಒಪ್ಪುವುದೂ ಜಾಮೀನು, ಆಮೇಲೆ ಅವನ ಪರವಾಗಿ ಇನ್ನೊಬ್ಬರು ಬಂದು ರುಜು ಹಾಕುವುದೂ ಜಾಮೀನು. ಮೊದಲನೆಯದು ಸಿಕ್ಕಿ ಎರಡನೆಯದು ಸಿಗದೆ ಒಳಗೇ ಉಳಿದುಹೋಗುವವರು ಬಹಳ ಜನ. ಅವರ ಬಗ್ಗೆ ಬರೆಯಬೇಕು ಅನಿಸಿದ್ದಕ್ಕೆ ಈ ಪದದ ಹಿಂದೆ ಹೊರಟೆ.

ನಾನು ಈ ಪದವನ್ನು ಮೊದಲು ಕೇಳಿದ್ದು ಕೋರ್ಟಿನ ಸುದ್ದಿಯಲ್ಲಲ್ಲ, ನಮ್ಮ ಮನೆಯಲ್ಲಿ. ಅಪ್ಪ ತಮ್ಮ ಗೆಳೆಯರೊಬ್ಬರ ಸಾಲಕ್ಕೆ ಜಾಮೀನು ನಿಂತಿದ್ದರು. ಅವರು ಕಂತು ಕಟ್ಟಲಿಲ್ಲ. ನೋಟಿಸು ನಮ್ಮ ಮನೆಗೆ ಬಂತು. "ನೀವ್ಯಾಕೆ ಜಾಮೀನು ನಿಲ್ಲೋಕೆ ಹೋದ್ರಿ?" ಅಂತ ಅಮ್ಮ ಎಷ್ಟು ಸಲ ಕೇಳಿದ್ದರೋ. ನಿಲ್ಲೋದು ಅನ್ನುವ ಆ ಮಾತು ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಜಾಮೀನು ಅಂದರೆ ಕಾಗದ ಅಲ್ಲ, ದುಡ್ಡೂ ಅಲ್ಲ, ಒಬ್ಬ ಮನುಷ್ಯ ಇನ್ನೊಬ್ಬನ ಪಕ್ಕದಲ್ಲಿ ನಿಲ್ಲುವುದು.

ಪದದ ಬೇರು ಹೇಳುವುದೂ ಇದನ್ನೇ. ಅರಬ್ಬಿಯಲ್ಲಿ ದಾಮಿನ್ ಅಂದರೆ ಇನ್ನೊಬ್ಬನ ಪರವಾಗಿ ಹೊಣೆ ಹೊತ್ತವನು. ಪಾರಸಿಯವರ ಬಾಯಲ್ಲಿ ಅದು ಜಾಮಿನ್ ಆಯಿತು. ಬಹಮನಿ ಸುಲ್ತಾನರು, ಬಿಜಾಪುರದ ಆದಿಲ್‌ಶಾಹಿಗಳು, ಮರಾಠರ ಕಚೇರಿಗಳು, ಮೈಸೂರಲ್ಲಿ ಹೈದರ್ ಮತ್ತು ಟಿಪ್ಪುವಿನ ಆಡಳಿತ, ಇವೆಲ್ಲ ದಾಟಿ ಬರುವಷ್ಟರಲ್ಲಿ ನಮ್ಮ ಕಚೇರಿ ಮಾತಿನ ತುಂಬ ಇಂಥ ಪದಗಳೇ ತುಂಬಿಕೊಂಡವು. ವಕೀಲ, ಅರ್ಜಿ, ಜಪ್ತಿ, ಕೈದಿ, ತಕರಾರು, ಫಿರ್ಯಾದಿ, ಕೊನೆಗೆ ಕಾನೂನು ಅನ್ನುವ ಪದವೂ ಇದೇ ದಾರಿಯಲ್ಲಿ ಬಂದದ್ದು. ಹಿಂದಿಯವರು ಬೇಲ್‌ಗೆ ಹೇಳುವ ಜಮಾನತ್ ಕೂಡ ಇದೇ ಬೇರಿನದು. ಆದರೆ ಅಲ್ಲಿ ಅದು ಬಿಡುಗಡೆಯ ಹೆಸರು, ಜಾಮಿನ್ ಎನ್ನುವುದು ಹೊಣೆ ಹೊರುವವನ ಹೆಸರು. ನಾವು ಮನುಷ್ಯನ ಹೆಸರನ್ನೇ ಎತ್ತಿ ಬಿಡುಗಡೆಗೆ ಇಟ್ಟೆವು. ಆಮೇಲೆ ಆ ಮನುಷ್ಯನಿಗೆ ಬೇರೆ ಹೆಸರು ಬೇಕಾಗಿ ಜಾಮೀನುದಾರ ಅಂದೆವು. ಈಗ ಅದೂ ಹೋಗಿ ಕೋರ್ಟಿನ ಅಂಗಳದಲ್ಲಿ ಎಲ್ಲರ ಬಾಯಲ್ಲೂ ಶೂರಿಟಿ.

ಕಲಬುರಗಿ, ಬೀದರ್ ಕಡೆಯ ಮುಸ್ಲಿಮರ ಮನೆಗಳಲ್ಲಿ ದೂರದ ಪ್ರಯಾಣಕ್ಕೆ ಹೊರಟವರ ತೋಳಿಗೆ, ಮದುವೆಯಲ್ಲಿ ಮದುಮಕ್ಕಳ ತೋಳಿಗೆ, ನಾಣ್ಯ ಇಟ್ಟ ಬಟ್ಟೆಯನ್ನು ಕಟ್ಟುವ ರೂಢಿ ಇದೆ. ಅದಕ್ಕೆ ಇಮಾಮ್ ಜಾಮಿನ್ ಅನ್ನುತ್ತಾರೆ. ಹೋಗುವವನು ಸುರಕ್ಷಿತವಾಗಿ ತಿರುಗಿ ಬರಲಿ, ಇಮಾಮರೇ ಅವನಿಗೆ ಜಾಮೀನು ಅಂತ. ಹೋದವನು ತಿರುಗಿ ಬರುತ್ತಾನೆ ಅನ್ನುವ ಭರವಸೆ. ಕೋರ್ಟು ಜಾಮೀನಿನಿಂದ ಕೇಳುವುದೂ ಅಷ್ಟನ್ನೇ, ಅಲ್ವಾ?

ಇನ್ನು ನಮ್ಮದೇ ಹಳೆಯ ಪದ. ಹೊಣೆ. ಹಳಗನ್ನಡದಲ್ಲಿ ಪೊಣೆ. ಈಗ ಹೊಣೆ ಅಂದರೆ ಜವಾಬ್ದಾರಿ ಅಂತ ಮಾತ್ರ ಅಂದುಕೊಳ್ಳುತ್ತೇವೆ. "ಇದಕ್ಕೆ ಯಾರು ಹೊಣೆ?" ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಆದರೆ ಅದರ ಹಳೆಯ ಅರ್ಥದಲ್ಲಿ ಜಾಮೀನುದಾರನೂ ಇದ್ದ. 1894ರಲ್ಲಿ ಬಂದ ಕಿಟ್ಟೆಲರ ನಿಘಂಟು ತೆರೆದರೂ ಆ ಅರ್ಥ ಸಿಗುತ್ತದೆ. ತಮಿಳಿನವರು ಕೋರ್ಟಿನ ಜಾಮೀನಿಗೆ ಇವತ್ತಿಗೂ ಪಿಣೈ ಅನ್ನುತ್ತಾರೆ. ಆ ಪಿಣೈಗೆ ಕಟ್ಟು, ಹೆಣೆ ಅನ್ನುವ ಅರ್ಥವೂ ಉಂಟು. ಜಡೆ ಹೆಣೆಯುವುದು, ಚಾಪೆ ಹೆಣೆಯುವುದು ಅನ್ನುತ್ತೇವಲ್ಲ, ನಮ್ಮ ಆ ಹೆಣೆ ಮತ್ತು ಅವರ ಪಿಣೈ ಒಂದೇ ಮೂಲದವು. ಒಬ್ಬನನ್ನು ಇನ್ನೊಬ್ಬನ ಜೊತೆ ಹೆಣೆದು ಕಳಿಸುವುದು. ಇಷ್ಟು ಚೆನ್ನಾಗಿ ಈ ವ್ಯವಸ್ಥೆಯನ್ನು ಹೇಳುವ ಬೇರೆ ಪದ ನನಗಂತೂ ಸಿಕ್ಕಿಲ್ಲ.

ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಜಾಮೀನುದಾರನ ಹೆಸರು ಪ್ರತಿಭೂ. ಅವನ ಬಗ್ಗೆ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಒಂದು ಶ್ಲೋಕ ಇದೆ. ಅದಕ್ಕೆ ಮಿತಾಕ್ಷರ ಎನ್ನುವ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದವರು, ಅಂದರೆ ಈಗಿನ ಬಸವಕಲ್ಯಾಣ. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದವರು. ಆಸ್ತಿ ಭಾಗದ ಕೇಸುಗಳಲ್ಲಿ ಮಿತಾಕ್ಷರದ ಹೆಸರು ಇವತ್ತಿಗೂ ಕೇಳಿಬರುತ್ತದೆ. ಆ ಶ್ಲೋಕ ಮೂರು ಥರದ ಜಾಮೀನು ಹೇಳುತ್ತದೆ. ಒಂದು ದರ್ಶನಕ್ಕೆ, ಅಂದರೆ ಈ ಮನುಷ್ಯನನ್ನು ಬೇಕೆಂದಾಗ ತಂದು ತೋರಿಸುತ್ತೇನೆ ಅಂತ. ಇನ್ನೊಂದು ಪ್ರತ್ಯಯಕ್ಕೆ, ಅಂದರೆ ಇವನು ನಂಬಬಹುದಾದವನು ಅಂತ. ಮೂರನೆಯದು ದಾನಕ್ಕೆ, ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಅಂತ. ಮಾತು ತಪ್ಪಿದರೆ ಮೊದಲ ಇಬ್ಬರು ತಾವು ಮಾತ್ರ ದಂಡ ತೆರಬೇಕು. ದಾನಕ್ಕೆ ನಿಂತವನು ಇಲ್ಲದಾದರೆ ಅವನ ಮಕ್ಕಳೂ ತೆರಬೇಕು.

ಇದನ್ನು ಓದಿದಾಗ ನನಗೆ ಅಮ್ಮನ ಮಾತು ನೆನಪಾಯಿತು. ಅಪ್ಪ ನಿಂತದ್ದು ಮೂರನೆಯದಕ್ಕೆ, ದುಡ್ಡಿನ ಜಾಮೀನಿಗೆ. ಅಮ್ಮನ ಭಯ ನಮ್ಮ ಬಗ್ಗೆ, ಮಕ್ಕಳ ಬಗ್ಗೆ ಇತ್ತು.

ಕ್ರಿಮಿನಲ್ ಕೋರ್ಟು ಕೇಳುವುದು ಮಾತ್ರ ಮೊದಲನೆಯದು, ದರ್ಶನದ ಜಾಮೀನು. ತಾರೀಖಿಗೆ ಸರಿಯಾಗಿ ಆರೋಪಿ ಹಾಜರಾಗುತ್ತಾನೆ, ಅದಕ್ಕೆ ನಾನು ಹೊಣೆ. ಇದಕ್ಕೆ ಆಸ್ತಿಗಿಂತ ಹೆಚ್ಚಾಗಿ ಬೇಕಾದ್ದು ಪರಿಚಯ. ಅವನ ಮನೆ ಎಲ್ಲಿ, ಅವನ ಹೆಂಡತಿ ಮಕ್ಕಳು ಯಾರು, ಕೆಲಸ ಎಲ್ಲಿ, ಕೂಗಿದರೆ ಬರುತ್ತಾನೋ ಇಲ್ಲವೋ ಅಂತ ಗೊತ್ತಿರುವವನು ಬೇಕು. ಇಂಗ್ಲಿಷಿನ ಬೇಲ್ ಪದದ ಕಥೆಯೂ ಹಾಗೇ ಇದೆ. ಹಳೆಯ ಫ್ರೆಂಚಿನಲ್ಲಿ ಅದರ ಮೂಲ ಪದಕ್ಕೆ ಒಪ್ಪಿಸು, ವಶಕ್ಕೆ ತೆಗೆದುಕೋ ಅನ್ನುವ ಅರ್ಥ. ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ ಭಾರ ಹೊರು ಅಂತ. ಅಂದರೆ ಆರೋಪಿಯನ್ನು ಜೈಲಿನ ಬದಲು ಅವನ ಕಡೆಯವರ ವಶಕ್ಕೆ ಕೊಡುವುದು. ನಾವು ಹೊಣೆ ಹೊರು ಅನ್ನುತ್ತೇವಲ್ಲ, ಅಲ್ಲೂ ಹೊರುವುದೇ.

ಹೀಗೆ ಯಾವ ಭಾಷೆಯಲ್ಲಿ ನೋಡಿದರೂ ಈ ಪದದ ನಡುವೆ ಒಬ್ಬ ಮನುಷ್ಯ ಇದ್ದಾನೆ. ಈಗ ನಮ್ಮ ಯಾವುದಾದರೂ ತಾಲ್ಲೂಕು ಕೋರ್ಟಿಗೆ ಹೋಗಿ ನೋಡಿ. ಆರ್ಡರಿನಲ್ಲಿ ಒಂದು ಲಕ್ಷದ ಸ್ವಂತ ಬಾಂಡು, ಅಂದರೆ ಬರುತ್ತೇನೆ ಅಂತ ಆರೋಪಿ ತಾನೇ ಬರೆದುಕೊಡುವ ಪತ್ರ, ಮತ್ತು ಅಷ್ಟೇ ಮೊತ್ತದ ಇಬ್ಬರ ಜಾಮೀನು ಅಂತ ಇರುತ್ತದೆ. (ಲಕ್ಷ ಅಂದರೆ ಲಕ್ಷ ರೂಪಾಯಿ ಆವತ್ತೇ ಕಟ್ಟಬೇಕು ಅಂತಲ್ಲ. ಆರೋಪಿ ತಪ್ಪಿಸಿಕೊಂಡರೆ ಅಷ್ಟರವರೆಗೆ ವಸೂಲಾಗಬಹುದು ಅಂತ. ಸಿನಿಮಾ ನೋಡಿ ನೋಡಿ ಬಹಳ ಜನ ದುಡ್ಡು ಹೊಂದಿಸಲು ಓಡಾಡುತ್ತಾರೆ.) ವಕೀಲರು ಮನೆಯವರನ್ನು ಕೇಳುವ ಮೊದಲ ಪ್ರಶ್ನೆ, "ಪಹಣಿ ಇರೋರು ಯಾರಾದ್ರೂ ಇದ್ದಾರಾ?" ಹೊಲ ಇರಬೇಕು, ಅದು ಅವರ ಹೆಸರಲ್ಲೇ ಇರಬೇಕು. ಹೊಲ ಇಲ್ಲದಿದ್ದರೆ ಮನೆಯ ಖಾತೆ, ಕಂದಾಯದ ರಸೀದಿ. ನೌಕರಿಯಲ್ಲಿರುವವರಾದರೆ ಸಂಬಳದ ಚೀಟಿ.

ಜಾಮೀನು, ಜಮೀನು. ಉಚ್ಚಾರ ಹತ್ತಿರ ಇದ್ದರೂ ಇವೆರಡಕ್ಕೂ ಸಂಬಂಧ ಇಲ್ಲ. ಜಮೀನು ಪಾರಸಿಯ ಮಣ್ಣು, ಜಾಮೀನು ಅರಬ್ಬಿಯ ಹೊಣೆಗಾರ. ಬೇರೆ ಬೇರೆ ಬೇರಿನ ಈ ಎರಡು ಪದ ನಮ್ಮ ಕೋರ್ಟಿನ ಅಂಗಳದಲ್ಲಿ ಬಂದು ಗಂಟು ಬಿದ್ದಿವೆ. ಜಮೀನು ಇದ್ದವನಿಗೆ ಜಾಮೀನು ಕೊಡುವವರು ಸಿಗುತ್ತಾರೆ, ಇಲ್ಲದವನಿಗೆ ಸಿಗುವುದಿಲ್ಲ. ಕೂಲಿ ಮಾಡುವವನ ನೆಂಟರೂ ಕೂಲಿಯವರೇ ಆಗಿರುತ್ತಾರೆ. ರಾಯಚೂರಿನಿಂದಲೋ ಒಡಿಶಾದಿಂದಲೋ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದವನಿಗೆ ಇಲ್ಲಿ ಪಹಣಿ ಇರುವ ಗೆಳೆಯ ಎಲ್ಲಿಂದ ಬರಬೇಕು? ಪರಿಚಯವೇ ಇಲ್ಲದವರು ದುಡ್ಡು ತಗೊಂಡು ಜಾಮೀನು ನಿಲ್ಲುವ ದಂಧೆ, ನಕಲಿ ಪಹಣಿ ತಂದು ಸಿಕ್ಕಿಬೀಳುವ ಜಾಲಗಳು ಹುಟ್ಟುವುದು ಇಲ್ಲೇ. ಮುಖ ಪರಿಚಯದ ಜಾಗಕ್ಕೆ ಕಾಗದ ಬಂದಾಗ ಕಾಗದದ ವ್ಯಾಪಾರವೂ ಬರುತ್ತದೆ.

ಈ ಪದದ ಅರ್ಥವೇ ಏನು ಎನ್ನುವ ಪ್ರಶ್ನೆ 1978ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನೇರವಾಗಿ ಬಂತು. ಮಧ್ಯಪ್ರದೇಶದ ಮೋತಿರಾಮ್ ಎನ್ನುವ ಗಾರೆ ಕೆಲಸದವನ ಕೇಸು. ಅವನನ್ನು ಬಿಡಿ ಅಂತ ಸುಪ್ರೀಂ ಕೋರ್ಟೇ ಹೇಳಿಯಾಗಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದರು. ಅಣ್ಣನೋ ತಮ್ಮನೋ ಒಬ್ಬ ಸಹೋದರ ಜಾಮೀನು ನಿಲ್ಲಲು ಮುಂದೆ ಬಂದ. ಅವನೂ ಅವನ ಆಸ್ತಿಯೂ ಬೇರೆ ಜಿಲ್ಲೆಯಲ್ಲಿದ್ದದ್ದರಿಂದ ಅದು ನಡೆಯಲಿಲ್ಲ. ಹೀಗೆ ದೇಶದ ದೊಡ್ಡ ಕೋರ್ಟು ಬಿಡಿ ಅಂದವನು ಒಳಗೇ ಇದ್ದ.

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಇದು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಬೇಲ್ ಪದಕ್ಕೆ ವ್ಯಾಖ್ಯೆಯೇ ಇರಲಿಲ್ಲ. ಯಾವ ಅಪರಾಧಕ್ಕೆ ಜಾಮೀನು ಸಿಗುತ್ತದೆ, ಯಾವುದಕ್ಕೆ ಇಲ್ಲ ಅಂತ ಇತ್ತು, ಜಾಮೀನು ಅಂದರೇನು ಅಂತ ಇರಲಿಲ್ಲ. ಜಾಮೀನುದಾರರು ಇದ್ದರೂ ಇಲ್ಲದಿದ್ದರೂ, ಬರೀ ಸ್ವಂತ ಬಾಂಡಿನ ಮೇಲೆ ಬಿಟ್ಟರೂ ಅದು ಬೇಲೇ ಅಂತ ಅಯ್ಯರ್ ವಿಶಾಲವಾದ ಅರ್ಥ ಹಿಡಿದರು. ನಿನ್ನ ಜಿಲ್ಲೆಯವರೇ ಜಾಮೀನು ನಿಲ್ಲಬೇಕು ಎನ್ನುವ ಷರತ್ತಿಗೆ ಅವರಿಗೆ ಬಂದ ಸಿಟ್ಟು ತೀರ್ಪಿನಲ್ಲಿ ಕಾಣುತ್ತದೆ. ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ, ತಮಿಳನೋ ತೆಲುಗನೋ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ, ಪಹಲ್ಗಾಮಿನಲ್ಲಿ, ಚಾಂದನಿ ಚೌಕದಲ್ಲಿ ಬಂಧನವಾದರೆ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಕೇಳಿದ್ದಾರೆ. ಕನ್ನಡಿಗನ ಹೆಸರು ತೆಗೆದು ಕೇಳಿದ ಆ ಪ್ರಶ್ನೆ ಇವತ್ತು ಬೆಂಗಳೂರಿನಲ್ಲಿರುವ ಬಿಹಾರಿ ಕೆಲಸಗಾರನಿಗೂ ಅಷ್ಟೇ ಸರಿಯಾಗಿ ಅನ್ವಯಿಸುತ್ತದೆ. ಮೋತಿರಾಮನನ್ನು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿದರು.

ಮಾರನೇ ವರ್ಷ, 1979ರಲ್ಲಿ, ಬಿಹಾರದ ಜೈಲುಗಳ ಹುಸೈನಾರಾ ಖಾತೂನ್ ಕೇಸು. ಆರೋಪಿಗೆ ಊರಿನಲ್ಲಿ ಬೇರು ಇದೆಯೇ, ಕುಟುಂಬ ಇದೆಯೇ, ಕೆಲಸ ಇದೆಯೇ ನೋಡಿ, ಇದ್ದರೆ ಸ್ವಂತ ಬಾಂಡಿನ ಮೇಲೆ ಬಿಡಬಹುದು ಅಂತ ನ್ಯಾಯಮೂರ್ತಿ ಪಿ.ಎನ್. ಭಗವತಿ ಹೇಳಿದರು. ಇವೆಲ್ಲ ವಿಜ್ಞಾನೇಶ್ವರರಿಗೂ ಅರ್ಥವಾಗುತ್ತಿದ್ದ ಮಾತುಗಳು. ದರ್ಶನಕ್ಕೆ ಬೇಕಾದ್ದು ಸಂಬಂಧ, ಹೊಲ ಅಲ್ಲ.

ಅದಾಗಿ ನಲವತ್ತು ವರ್ಷದ ಮೇಲಾಯಿತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ಅಂದರೆ ನೂರರಲ್ಲಿ ಎಪ್ಪತ್ತೈದಕ್ಕೂ ಜಾಸ್ತಿ ಜನರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಇವರೆಲ್ಲರಿಗೂ ಜಾಮೀನು ಸಿಕ್ಕಿದೆ ಅಂತ ನಾನು ಹೇಳುತ್ತಿಲ್ಲ. ಕೆಲವರ ಮೇಲೆ ಕೊಲೆಯ ಆರೋಪ ಇರುತ್ತದೆ. ಕೆಲವರ ಮೇಲೆ ಭಯೋತ್ಪಾದನೆ ತಡೆಯುವ ಯುಎಪಿಎ, ಅಕ್ರಮ ಹಣ ವರ್ಗಾವಣೆ ತಡೆಯುವ ಪಿಎಂಎಲ್ಎ ಥರದ ಕಾಯ್ದೆ ಇರುತ್ತದೆ, ಅಲ್ಲಿ ಜಾಮೀನಿನ ಬಾಗಿಲೇ ಬಹಳ ಕಿರಿದು, ಅದು ಬೇರೆ ಲೇಖನದ ವಿಷಯ. ಇಲ್ಲಿ ನನ್ನ ಚಿಂತೆ ಬಾಗಿಲು ತೆರೆದ ಮೇಲೂ ದಾಟಲು ಆಗದವರ ಬಗ್ಗೆ.

2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಅದರ ಬಗ್ಗೆ ಬೇಕಾದಷ್ಟು ಚರ್ಚೆ ಆಯಿತು, ಜಾಸ್ತಿ ಅದರ ಹೆಸರಿನ ಬಗ್ಗೆ. ಯಾರೂ ಅಷ್ಟಾಗಿ ಗಮನಿಸದ ಒಂದು ಸಂಗತಿ ಅದರ ಎರಡನೇ ಸೆಕ್ಷನ್ನಿನಲ್ಲಿದೆ. ಬೇಲ್ ಅಂದರೇನು ಅಂತ ಮೊದಲ ಸಲ ಬರೆದಿದ್ದಾರೆ. ಷರತ್ತುಗಳ ಮೇಲೆ, ಬಾಂಡು ಅಥವಾ ಬೇಲ್ ಬಾಂಡು ಬರೆದುಕೊಟ್ಟ ಮೇಲೆ, ಆರೋಪಿಯನ್ನು ಬಿಡುವುದು. ಜೊತೆಗೆ ಆ ಎರಡು ಬಾಂಡುಗಳನ್ನೂ ಬೇರೆ ಮಾಡಿದ್ದಾರೆ. ಬೇಲ್ ಬಾಂಡು ಅಂದರೆ ಜಾಮೀನುದಾರ ಇರುವಂಥದ್ದು. ಬರೀ ಬಾಂಡು ಅಂದರೆ ಜಾಮೀನುದಾರ ಇಲ್ಲದ್ದು, ಸ್ವಂತ ಮುಚ್ಚಳಿಕೆ. (ಮುಚ್ಚಳಿಕೆ ತುರ್ಕಿ ಮೂಲದ ಪದ. ಮುಚ್ಚು, ಮುಚ್ಚಳಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.)

ಇದು ಸುಮ್ನೆ ಪದಗಳ ವಿಷಯ ಅಲ್ಲ. ಇದೇ ಸಂಹಿತೆಯ 479ನೇ ಸೆಕ್ಷನ್ ನೋಡಿ. ಸಾವಿನ ಶಿಕ್ಷೆ, ಜೀವಾವಧಿ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಆ ಅಪರಾಧಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಕಳೆದವನನ್ನು ಬೇಲ್ ಮೇಲೆ ಬಿಡಬೇಕು. ಹಿಂದೆ ಯಾವತ್ತೂ ಶಿಕ್ಷೆ ಆಗದವನಾದರೆ ಮೂರನೇ ಒಂದು ಭಾಗ ಕಳೆದರೆ ಸಾಕು, ಅವನನ್ನು ಬಾಂಡಿನ ಮೇಲೆ ಬಿಡಬೇಕು. ಅಲ್ಲಿರುವ ಪದ ಬೇಲ್ ಬಾಂಡು ಅಲ್ಲ, ಬಾಂಡು. ಎರಡನೇ ಸೆಕ್ಷನ್ನಿನ ಪ್ರಕಾರ ಬಾಂಡು ಅಂದರೆ ಜಾಮೀನುದಾರ ಬೇಡ. ಅಂದರೆ ಮೊದಲ ಸಲ ಸಿಕ್ಕಿಬಿದ್ದವನಿಗೆ ಪಹಣಿ ಇರುವ ನೆಂಟ ಬೇಕಿಲ್ಲ. ಕಾನೂನಿನ ಅಕ್ಷರವನ್ನು ಇದ್ದ ಹಾಗೆ ಓದಿದರೆ ನನಗೆ ಕಾಣುವ ಅರ್ಥ ಇದು. ಕೋರ್ಟುಗಳು ಇದನ್ನು ಹೀಗೇ ಓದಬೇಕು ಅನ್ನುವುದು ನನ್ನ ಆಸೆ. 2024ರ ಜುಲೈಗೆ ಮೊದಲಿನ ಕೇಸುಗಳಿಗೂ ಈ ಸೆಕ್ಷನ್ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟು ಅದೇ ವರ್ಷ ಆಗಸ್ಟಿನಲ್ಲಿ ಹೇಳಿದೆ. ಆದರೆ ಒಬ್ಬನ ಮೇಲೆ ಒಂದಕ್ಕಿಂತ ಜಾಸ್ತಿ ಕೇಸು ಬಾಕಿ ಇದ್ದರೆ ಈ ಅನುಕೂಲ ಸಿಗುವುದಿಲ್ಲ ಅಂತಲೂ ಆ ಸೆಕ್ಷನ್ನಿನಲ್ಲೇ ಸೇರಿಸಿದ್ದಾರೆ. ಇದು ನನಗೆ ಸರಿ ಕಾಣುವುದಿಲ್ಲ. ಒಂದೇ ಘಟನೆಗೆ ನಾಲ್ಕು ಕಡೆ ನಾಲ್ಕು ದೂರು ಬೀಳುವುದು ನಮ್ಮಲ್ಲಿ ಹೊಸದಲ್ಲ.

ಕೇಸು ಜಾಸ್ತಿ ಆದರೆ ಜಾಮೀನು ಎಷ್ಟು ಕಷ್ಟ ಅನ್ನುವುದಕ್ಕೆ 2024ರ ಆಗಸ್ಟಿನ ಗಿರೀಶ್ ಗಾಂಧಿ ತೀರ್ಪು ಓದಬೇಕು. 13 ಕೇಸುಗಳಲ್ಲಿ ಜಾಮೀನು ಸಿಕ್ಕಿಯೂ ಒಂದೊಂದಕ್ಕೂ ಬೇರೆ ಬೇರೆ ಜಾಮೀನುದಾರರನ್ನು ತರಲಾಗದೆ ಒಳಗಿದ್ದವರು ಅವರು. ಜಾಮೀನು ನಿಲ್ಲುವವರು ಸಾಮಾನ್ಯವಾಗಿ ಹತ್ತಿರದ ನೆಂಟರು, ಇಲ್ಲವೇ ಹಳೆಯ ಗೆಳೆಯರು, ಕ್ರಿಮಿನಲ್ ಕೇಸು ಅಂದರೆ ಅವರ ಸಂಖ್ಯೆ ಇನ್ನೂ ಇಳಿಯುತ್ತದೆ, ಇದು ನಮ್ಮ ದೇಶದ ಬದುಕು ಎನ್ನುವ ಅರ್ಥದ ಮಾತನ್ನು ಕೋರ್ಟು ಅಲ್ಲಿ ಆಡಿದೆ. ಅದೇ ಜಾಮೀನುದಾರರು ಬೇರೆ ಕೇಸುಗಳಿಗೂ ನಿಲ್ಲಬಹುದು ಅಂತ ಒಪ್ಪಿತು. ಓದುವಾಗ ನನಗೆ ಬಹಳ ಸಮಾಧಾನ ಆಯಿತು, ಯಾಕೆಂದರೆ ಅಮ್ಮ ಹೇಳುತ್ತಿದ್ದದ್ದೂ ಅದನ್ನೇ. ನಿಲ್ಲುವುದು ಸುಲಭ ಅಲ್ಲ. ನಿಲ್ಲುವವರು ಒಬ್ಬನಿಗೆ ಎಷ್ಟು ಜನ ಇರುತ್ತಾರೆ?

ನಿಂತವರ ಬಗ್ಗೆಯೂ ಎರಡು ಮಾತು. ಆರೋಪಿ ತಾರೀಖಿಗೆ ಬರದಿದ್ದರೆ ಜಾಮೀನುದಾರರಿಗೆ ನೋಟಿಸು ಬರುತ್ತದೆ, ಬಾಂಡಿನ ಮೊತ್ತ ಯಾಕೆ ಕಟ್ಟಬಾರದು ಹೇಳಿ ಅಂತ. ಹೆದರಿ ಮನೆಯಲ್ಲಿ ಕೂರಬೇಡಿ. ಹೋಗಿ ಕಾರಣ ಹೇಳಬಹುದು, ಕೋರ್ಟು ಮೊತ್ತ ಇಳಿಸಲೂಬಹುದು. ಇನ್ನು ನನಗೆ ಈ ಹೊಣೆ ಬೇಡ ಅನಿಸಿದರೆ ಬಿಡುಗಡೆ ಕೇಳಿ ಅರ್ಜಿ ಹಾಕುವ ಹಕ್ಕೂ ಇದೆ. ಆಗ ಆರೋಪಿ ಬೇರೆ ಜಾಮೀನುದಾರರನ್ನು ಹುಡುಕಬೇಕು. ನೀವು ಈಗಾಗಲೇ ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಅಂತ ಕೋರ್ಟಿಗೆ ಬರೆದುಕೊಡಬೇಕು, ಅದನ್ನು ಮುಚ್ಚಿಡಬೇಡಿ.

ಒಳಗೆ ಉಳಿದವರಿಗೆ ದಾರಿ ಇಲ್ಲದಿಲ್ಲ. ಜಾಮೀನು ಕೊಡಬಹುದಾದ ಸಣ್ಣ ಅಪರಾಧಗಳಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವನನ್ನು ಬಡವ ಅಂತಲೇ ತಿಳಿದು ಸ್ವಂತ ಬಾಂಡಿನ ಮೇಲೆ ಬಿಡಬೇಕು ಅಂತ ಸಂಹಿತೆಯಲ್ಲೇ ಇದೆ. ಬೇರೆ ಕೇಸುಗಳಿಗೆ 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೆಲವು ಸೂಚನೆ ಕೊಟ್ಟಿದೆ. ಜಾಮೀನು ಆರ್ಡರು ಆಗಿ ಏಳು ದಿನವಾದರೂ ಆರೋಪಿ ಹೊರಗೆ ಬರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡು ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಜಾಮೀನಿನ ಮೊತ್ತಕ್ಕೆ ನೆರವಾಗಲು ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರದ ಯೋಜನೆಯೂ ಇದೆ. ಇವು ಕಾಗದದ ಮೇಲೆ ಇವೆ ಅಂತ ಸುಮ್ಮನಿದ್ದರೆ ಆಗುವುದಿಲ್ಲ, ಯಾರಾದರೂ ಹೋಗಿ ಕೇಳಬೇಕಾಗುತ್ತದೆ. ನಿಮ್ಮ ಪರಿಚಯದವರು ಯಾರಾದರೂ, ಮನೆಗೆಲಸಕ್ಕೆ ಬರುವವರ ಮಗನೋ, ಗಾರೆ ಕೆಲಸದವರ ತಮ್ಮನೋ, ಹೀಗೆ ಸಿಕ್ಕಿಕೊಂಡಿದ್ದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಅವರ ಜೊತೆ ನೀವೂ ಹೋಗಿ. ಅಲ್ಲಿ ಬಡವರಿಗೆ ವಕೀಲರ ಫೀಸು ಇಲ್ಲ. ಹೋಗಲು ಆಗದಿದ್ದರೆ 15100ಕ್ಕೆ ಫೋನು ಮಾಡಿ. ಹೋಗುವಾಗ ಜಾಮೀನು ಆರ್ಡರಿನ ಪ್ರತಿ ಇಟ್ಟುಕೊಳ್ಳಿ, ಆರ್ಡರು ಆದ ತಾರೀಖು ಬರೆದುಕೊಳ್ಳಿ. ಏಳು ದಿನದ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.